ಏಳು ಮಂದಿಗೆ ಒಂದೇ ಗಂಟಲು

ಮೊದಲು ನನ್ನ ತಪ್ಪೊಪ್ಪಿಗೆ ಮುಗಿಸಿಬಿಡುತ್ತೇನೆ, ಆಮೇಲೆ ಉಳಿದವರನ್ನು ಆಡಿಕೊಳ್ಳುವುದು ಸಲೀಸು. ಬಿ.ಎ. ಕೊನೆಯ ವರ್ಷದಲ್ಲಿ ನಾವಿಬ್ಬರು ಸೇರಿ ಬರೆದ ಸಂಶೋಧನಾ ಪ್ರಬಂಧದಲ್ಲಿ ಏಳು ಜನರ ಸಂದರ್ಶನಗಳಿದ್ದವು. ಆ ಏಳರಲ್ಲಿ ಒಬ್ಬರನ್ನೂ ನಾನು ಮಾತಾಡಿಸಿರಲಿಲ್ಲ. ಏಳು ಧ್ವನಿಮುದ್ರಣಗಳೂ ಇದ್ದವು. ಏಳರಲ್ಲೂ ಮಾತಾಡಿದವನು ನಾನೇ. ನಾಲ್ಕು ಹೆಂಗಸರು, ಮೂರು ಗಂಡಸರು. ಗಂಡಸರ ಪಾತ್ರ ಅಷ್ಟೇನೂ ಚೆನ್ನಾಗಿ ಬಂದಿರಲಿಲ್ಲ.

ಅಣಕ ನನ್ನ ಹುಟ್ಟುರೋಗ. ಅಪ್ಪ ನಮ್ಮೂರು ಸಂಭಾಜಿನಗರದ ಪಕ್ಕದ ವಾಳೂಜ್‌ನಲ್ಲಿ ಗಾಡಿಯ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿಯ ಸೂಪರ್‌ವೈಸರ್ ಮೂಗಿನಿಂದ ಉಸಿರು ಬಿಟ್ಟು "ಕಾಯ್ ಝಾಲಂ?", ಏನಾಯಿತು, ಅನ್ನುವ ಬಗೆಯನ್ನು ನಾನು ಅವರನ್ನು ನೋಡದೆಯೇ, ಅಪ್ಪ ಮಾಡಿ ತೋರಿಸಿದ್ದನ್ನು ನೋಡಿ ಕಲಿತೆ. ಒಂದು ವರ್ಷ ಕಾರ್ಖಾನೆಯ ಗಣಪತಿಗೆ ಹೋದಾಗ ಖುದ್ದು ಸೂಪರ್‌ವೈಸರ್ ಎದುರಿಗೆ ಬಂದು ಮಾತಾಡಿಸಿದರು. ತಮ್ಮ ಪಾತ್ರವನ್ನು ಅವರು ನಮ್ಮಪ್ಪನಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ.

ನಮ್ಮದು ಬೀದರ್ ಕಡೆಯ ಮನೆತನ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಹಿಂದಿ, ಅರ್ಜಿ ಬರೆಯುವಾಗ ಇಂಗ್ಲಿಷು. ಕನ್ನಡ ಓದಲು, ಬರೆಯಲು ಅವ್ವ ಕಲಿಸಿದಳು. ಇಲ್ಲಿ ಬರೆಯುತ್ತಿರುವ ಈ ಗ್ರಾಂಥಿಕ ಕನ್ನಡ ಕೂಡ ಯಾರದೋ ಅಣಕವೇ ಇರಬೇಕು. ಯಾರದೆಂದು ನೆನಪಿದ್ದಿದ್ದರೆ ಹೆಸರು ಹಾಕುತ್ತಿದ್ದೆ.

ಹೆಸರು ಹಾಕುವುದರ ಬಗ್ಗೆ ನಮಗೆ ಪಾಠ ಮಾಡಿದವರು ಸಮಾಜಶಾಸ್ತ್ರದ ಮೇಡಂ. ಮರಾಠಿಯವರು. ಪ್ರತಿ ಮಾತಿಗೂ "ಮ್ಹಣಜೆ ಬಘಾ", ಅಂದರೆ ನೋಡಿ, ಎಂದು ಶುರುಮಾಡಿ, ಕನ್ನಡಕವನ್ನು ಹಣೆಗೇರಿಸಿ, ಆಮೇಲೆ ಅದನ್ನೇ ಮೇಜಿನ ಮೇಲೆ ಹುಡುಕುವವರು. ಅವರ ಅಣಕ ನನ್ನ ಅತ್ಯುತ್ತಮ ಕೃತಿ. "ಮ್ಹಣಜೆ ಬಘಾ, ಮಾತು ಯಾರದೋ ಅವರ ಹೆಸರು ಆ ಮಾತಿನ ಪಕ್ಕದಲ್ಲೇ ಇರಬೇಕು. ಇಬ್ಬರ ಮಾತು ಕೂಡಿಸಿದರೆ ಒಬ್ಬರದು ಎಲ್ಲಿ ಮುಗಿಯಿತು, ಇನ್ನೊಬ್ಬರದು ಎಲ್ಲಿ ಶುರುವಾಯಿತು ಅನ್ನುವುದು ಓದುವವರಿಗೆ ಕಾಣಬೇಕು." ಇದನ್ನು ಇಡೀ ತರಗತಿ ಭಕ್ತಿಯಿಂದ ಬರೆದುಕೊಂಡಿತು. ಅಂದರೆ ಒಬ್ಬಳು ಬರೆದುಕೊಂಡಳು, ಉಳಿದ ನಾವು ಅವಳ ನೋಟ್‌ಬುಕ್ಕಿನ ಫೋಟೊ ತೆಗೆದುಕೊಂಡೆವು, ಅವಳ ಹೆಸರಿರುವ ಮೂಲೆ ಬಿಟ್ಟು. ಮೇಡಂ ಹಂಚಿದ ಝೆರಾಕ್ಸ್ ಟಿಪ್ಪಣಿಯ ತುದಿಯಲ್ಲೂ ಬೇರೆ ಯಾವುದೋ ಕಾಲೇಜಿನ ಮುದ್ರೆ ಮಸುಕಾಗಿ ಕಾಣುತ್ತಿತ್ತು.

ಈ ಶಿಸ್ತು ನನಗೇನೂ ಹೊಸದಾಗಿರಲಿಲ್ಲ. ಅವ್ವ ಫೋನಿನಲ್ಲಿ ಯಾರದಾದರೂ ಸುದ್ದಿ ಹೇಳುವಾಗ, "ನಾ ಅಂದಿಲ್ಲವ್ವಾ, ಆಕಿ ಅಂದ್ಲು. ಆಕಿಗಿ ಆಕಿ ನೆಗೆಣ್ಣಿ ಹೇಳ್ಯಾಳ, ನಳದ ನೀರು ತುಂಬೋ ಹೊತ್ತಿನಾಗ" ಎಂದು ಮೂಲ, ಮೂಲದ ಮೂಲ, ಸ್ಥಳ, ಸಮಯ ಎಲ್ಲ ಕೊಟ್ಟೇ ಮುಂದೆ ಹೋಗುವವಳು. ಪುಟಸಂಖ್ಯೆ ಒಂದು ಬಾಕಿ. ಇಂಥ ಮನೆಯಲ್ಲಿ ಬೆಳೆದೂ ಕೆಟ್ಟೆನೆಂದರೆ ತಪ್ಪು ಮನೆಯದಲ್ಲ.

ಪ್ರಬಂಧದಲ್ಲಿ ನನ್ನ ಜೊತೆಗಾತಿ ಖುಲ್ತಾಬಾದಿನ ಹುಡುಗಿ. ಅವಳ ಅಪ್ಪ ದರ್ಗಾದ ಹಾದಿಯಲ್ಲಿ ಹೂವು, ಚಾದರ ಮಾರುತ್ತಾರೆ. ಅವಳು ದಿನಾ ಎಸ್.ಟಿ. ಬಸ್ಸಿನಲ್ಲಿ ಘಾಟಿ ಇಳಿದು ಸಂಭಾಜಿನಗರದ ಕಾಲೇಜಿಗೆ ಬರುವವಳು, ಬಸ್ಸಿನಲ್ಲೇ ಅರ್ಧ ಓದು ಮುಗಿಸುವವಳು. ಪುಣೆಯಲ್ಲಿ ಎಂ.ಎ. ಮಾಡಬೇಕೆನ್ನುವುದು ಅವಳ ಹಟ. ಆ ಸೀಟಿನ ಅರ್ಜಿಗೆ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ಮಂಡಿಸಿದ ಒಂದು ಪ್ರಬಂಧ ಬೇಕಿತ್ತು. ಸಮ್ಮೇಳನವೂ ಪುಣೆಯಲ್ಲೇ. ನಮ್ಮ ವಿಭಾಗದಿಂದ ಕಳಿಸುವುದು ಒಂದೇ ಪ್ರಬಂಧ.

"ನನಗೆ ಇದೊಂದೇ ದಾರಿ ಇರುವುದು. ನಿನಗೆ ಇದು ತಮಾಷೆ ಅಂದರೆ ಈಗಲೇ ಹೇಳು, ಬೇರೆಯವರನ್ನು ನೋಡಿಕೊಳ್ಳುತ್ತೇನೆ" ಎಂದಳು ಮೊದಲ ದಿನವೇ. (ಅವಳು ಹೇಳಿದ್ದು ಹಿಂದಿಯಲ್ಲಿ, ಅನುವಾದ ನನ್ನದು. ಈಗ ಇದನ್ನೆಲ್ಲ ಹೇಳುವ ಅಭ್ಯಾಸ ಮಾಡಿಕೊಂಡಿದ್ದೇನೆ.) ನಾನು ಎದೆಯ ಮೇಲೆ ಕೈಯಿಟ್ಟು ಮೇಡಂ ಧ್ವನಿಯಲ್ಲಿ, "ಮ್ಹಣಜೆ ಬಘಾ, ನನ್ನನ್ನು ನಂಬು" ಎಂದೆ. ಅವಳು ನಕ್ಕಳು, ನಂಬಿದಳು.

ವಿಷಯ ನನ್ನದೇ. ನಾಸಿಕದ ಪಂಚವಟಿಯ ಸುತ್ತ ಇರುವ ಕನ್ನಡದ ಮಂದಿ ಯಾರ ಜೊತೆ ಯಾವ ಭಾಷೆ ಆಡುತ್ತಾರೆ ಎಂಬುದು. ಪುಸ್ತಕ ಹುಡುಕುವುದು, ಓದುವುದು, ಬರೆಯುವುದು ಅವಳ ಪಾಲು. ಕನ್ನಡದಲ್ಲಿ ಮಾತಾಡಿಸಿ, ಮುದ್ರಿಸಿ, ಅನುವಾದ ಮಾಡಿಕೊಡುವುದು ನನ್ನ ಪಾಲು. ಕೆಲಸ ಹಂಚಿಕೊಂಡದ್ದರಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಬಸ್ಸು ಹತ್ತಿ ನಾಸಿಕಕ್ಕೆ ಹೋಯಿತು.

ಪಂಚವಟಿಯ ಓಣಿಯೊಂದರಲ್ಲಿ ಅಪ್ಪನ ಅಕ್ಕ, ನನ್ನ ಅತ್ತೆ, ಇದ್ದಾಳೆ. ಮಾಮ ಹಿತ್ತಾಳೆ ಪಾತ್ರೆಯ ಅಂಗಡಿಯಲ್ಲಿ ಗುಮಾಸ್ತ. ಅತ್ತೆ ಮನೆಯಲ್ಲಿ ಜೋಳದ ಕಡಕ್ ರೊಟ್ಟಿ ಬಡಿದು ಮಾರುತ್ತಾಳೆ. ಕಲಬುರಗಿ, ಬೀದರ್ ಕಡೆಯವರು ಆ ಸುತ್ತಿನಲ್ಲಿ ಎಲ್ಲಿದ್ದರೂ ವಾರಕ್ಕೊಮ್ಮೆ ಅವಳ ಬಾಗಿಲಿಗೆ ಬರಲೇಬೇಕು. ರೊಟ್ಟಿಯ ಬುಟ್ಟಿಯ ಪಕ್ಕ ಕೂತು ಬಂದವರನ್ನೆಲ್ಲ ಮಾತಾಡಿಸುವುದು ನನ್ನ ಯೋಜನೆ. ಅತ್ತೆ ಅದನ್ನು ಕೇಳಿ ಹಿಟ್ಟಿನ ಕೈ ಝಾಡಿಸಿದಳು.

"ಅವ್ರ್ನೆಲ್ಲಾ ಯಾಕ ಕೇಳ್ತಿಯೋ? ಅವ್ರು ಏನ್ ಅಂತಾರ ನಂಗ ಗೊತ್ತದ. ಕೂಡು ಇಲ್ಲಿ."

ಕೂತೆ. ನನ್ನ ರೋಗ ಯಾವ ಕಡೆಯಿಂದ ಬಂದದ್ದೆಂದು ಅವತ್ತು ತಿಳಿಯಿತು. ಒಲೆಯ ಮುಂದೆ ಕೂತಲ್ಲೇ ಅತ್ತೆ ಏಳು ಮಂದಿಯಾದಳು. ಮಾಮನಾಗಿ ಗಿರಾಕಿಯ ಜೊತೆ ಚೌಕಾಸಿ ಮಾಡಿದಳು. ಬ್ಯಾಂಕಿನವನ ಹೆಂಡತಿಯಾಗಿ, ಮಕ್ಕಳು ಕನ್ನಡಕ್ಕೆ ಮರಾಠಿಯಲ್ಲಿ ಉತ್ತರ ಕೊಡುವುದನ್ನು ತುಟಿ ಸೊಟ್ಟ ಮಾಡಿ ಹೇಳಿದಳು. ಕೊನೆಗೆ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಲ್ಲದ ಸಿಮೆಂಟಿನ ಬುಟ್ಟಿಯನ್ನು ತಲೆಗೇರಿಸಿ, ಕಟ್ಟಡದ ಕೆಲಸಕ್ಕೆ ಹೋಗುವ ಒಬ್ಬಾಕೆಯಾದಳು.

"ಮಕ್ಕಳ ಜೋಡಿ ಮರಾಠಿ, ಮೇಸ್ತ್ರಿ ಜೋಡಿ ಹಿಂದಿ, ದೇವ್ರ ಜೋಡಿ ಕನ್ನಡ, ಗಂಡನ ಜೋಡಿ ಬೈಗುಳ!"

ನಕ್ಕು ನಕ್ಕು ನನಗೆ ಕೆಮ್ಮು ಬಂತು. ಮುದ್ರಿಸಿಕೊಳ್ಳಲು ಫೋನಿನಲ್ಲಿ ಜಾಗವಿರಲಿಲ್ಲ, ಅದರ ತುಂಬ ನಾನೇ ಮೇಡಂ ಆಗಿ ಅಭಿನಯಿಸಿದ ವಿಡಿಯೋಗಳಿದ್ದವು. ಏಕೆ ಹೊರಗೆ ಹೋಗಬೇಕು, ಎಲ್ಲ ಇಲ್ಲೇ ಸಿಕ್ಕಿತಲ್ಲ ಎಂದು ಎರಡು ದಿನ ಅತ್ತೆಯ ಮನೆಯಲ್ಲಿ ಉಂಡು, ಮಲಗಿ, ಮರಳುವ ಬಸ್ಸಿನಲ್ಲಿ ಒಬ್ಬಳು ಅತ್ತೆಯನ್ನು ಏಳು ಜನಕ್ಕೆ ಹಂಚಿದೆ. ಉತ್ತರದಾತ ಒಂದು, ಉತ್ತರದಾತೆ ಎರಡು, ಹೀಗೆ. ಕಟ್ಟಡದಾಕೆ ಐದನೆಯವಳು. ಅತ್ತೆಯ ಹೆಸರನ್ನೂ ಬಿಡಲಿಲ್ಲ. ಕೃತಜ್ಞತೆಯ ಪುಟದ ಕೊನೆಗೆ ಹಾಕಿದೆ, "ಆತಿಥ್ಯಕ್ಕಾಗಿ".

ಜೊತೆಗಾತಿ ನನ್ನ ಅನುವಾದ ಓದಿ ಕಣ್ಣರಳಿಸಿದಳು. ಆಮೇಲೆ ಕೈ ಚಾಚಿದಳು. "ಆಡಿಯೋ?"

"ನಾಳೆ."

ಆ ಮಧ್ಯಾಹ್ನವೇ ಹಳೆಯ ವಿಡಿಯೋ ಅಳಿಸಿ ಕೆಲಸಕ್ಕೆ ಕೂತೆ. ನನಗೆ ನಾಚಿಕೆಯಾಗಬೇಕಿತ್ತು, ಆದರೆ ನಿಜ ಹೇಳುತ್ತೇನೆ, ಅಷ್ಟು ಶ್ರದ್ಧೆಯಿಂದ ನಾನು ಯಾವ ಪರೀಕ್ಷೆಗೂ ಓದಿಲ್ಲ. ಗುಡಿಯ ಹತ್ತಿರದ ಮನೆಯೆಂದು ತೋರಿಸಲು ಬಚ್ಚಲಲ್ಲಿ ನಿಂತು ಮಾತಾಡಿದೆ, ದನಿ ಗುಂಯ್‌ಗುಡಲಿ ಎಂದು. ಪಾತ್ರೆ ಅಂಗಡಿಗೆ ಅಡುಗೆಮನೆಯ ತಾಟು ಬಡಿದೆ. ಕಟ್ಟಡದಾಕೆಗಾಗಿ ಬಾಗಿಲ ಮುಂದೆ ಪಕ್ಕದವರು ಹಾಕಿಸಿದ್ದ ಮರಳಿನ ಗುಡ್ಡೆಗೆ ಸಲಿಕೆ ಹಾಕುತ್ತ ಏದುಸಿರಿನಲ್ಲಿ ಮಾತಾಡಿದೆ. ಅವ್ವ ಕಿಟಕಿಯಿಂದ ಇಣುಕಿದಳು.

"ಹುಚ್ಚ ಹಿಡಿದದೇನೋ? ಥೇಟ್ ನಿಮ್ಮತ್ತಿ ಆಡಿದಂಗೇ ಆಡ್ಲತ್ತಿ."

ಮೂಲ ಯಾವುದೆಂದು ಅವ್ವ ಒಂದೇ ವಾಕ್ಯದಲ್ಲಿ ಹಿಡಿದಿದ್ದಳು. ಕಾಲೇಜಿನವರು ಅವಳನ್ನು ಪರೀಕ್ಷಕಿಯಾಗಿ ಕರೆದಿದ್ದರೆ ಈ ಕತೆ ಅಲ್ಲೇ ಮುಗಿಯುತ್ತಿತ್ತು. ಕರೆದವರು ಮೇಡಂ ಅವರನ್ನು. ಅವರಿಗೆ ಕನ್ನಡ ಬಾರದು. ನನ್ನ ಅನುವಾದವನ್ನು ಓದುತ್ತ ಹೋದವರು ಐದನೇ ಉತ್ತರದಾತೆಯ ಮಾತಿಗೆ ಬಂದಾಗ ಕನ್ನಡಕ ಹಣೆಗೇರಿಸಿದರು.

"ಮ್ಹಣಜೆ ಬಘಾ, ಇಂಥ ಮಾತು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ."

ಅದಂತೂ ಖರೆ. ಆ ಸಾಲನ್ನೇ ಪ್ರಬಂಧದ ಶೀರ್ಷಿಕೆ ಮಾಡಿ ಎಂದರು. ಪುಣೆಗೆ ಹೋಗುವುದು ಇದೇ ಎಂದು ಸಹಿಯನ್ನೂ ಹಾಕಿದರು. ಜೊತೆಗಾತಿ ಕ್ಯಾಂಟೀನಿನಲ್ಲಿ ನನಗೆ ಎರಡು ಸಮೋಸ ಕೊಡಿಸಿದಳು. ಎರಡನ್ನೂ ತಿಂದೆ, ಹಸಿಮೆಣಸಿನಕಾಯಿ ಕೂಡ ಕೇಳಿ ಹಾಕಿಸಿಕೊಂಡೆ.

ಆದರೆ ಅವಳು ಸಹಿ ಬಿದ್ದ ಮೇಲೂ ಕೆಲಸ ನಿಲ್ಲಿಸುವವರ ಪೈಕಿ ಅಲ್ಲ. ಯಾವ ಮಾತು ಯಾವ ನಿಮಿಷದಲ್ಲಿ ಬರುತ್ತದೆ ಎಂದು ಅಡಿಟಿಪ್ಪಣಿ ಹಾಕಲು, ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತನಗೆ ತಿಳಿಯದ ಭಾಷೆಯನ್ನು ಕೇಳುತ್ತ ಬಂದಳಂತೆ. ಬೆಳಿಗ್ಗೆ ಕಾಲೇಜಿನ ಗೇಟಿನಲ್ಲೇ ನನ್ನನ್ನು ನಿಲ್ಲಿಸಿದಳು.

"ಐದನೆಯವಳು ಎಲ್ಲಿಯವಳು?"

"ನಾಸಿಕ. ಪಂಚವಟಿ ಕಡೆಯ ಸೈಟು."

"ಹಾಗಾದರೆ ಅವಳ ಹಿಂದೆ ಸಂಭಾಜಿನಗರದ ಕಸದ ಗಾಡಿ ಯಾಕೆ ಕೂಗುತ್ತಿದೆ? ಊರಿನ ಹೆಸರು ಹೇಳಿ ಹೇಳಿ, ಹಸಿ ಕಸ ಬೇರೆ, ಒಣ ಕಸ ಬೇರೆ ಅಂತ ಕೂಗುತ್ತಿದೆ. ಅಷ್ಟು ದೂರ ಕಸ ಎತ್ತೋಕೆ ಹೋಗಿತ್ತಾ?"

ಸಲಿಕೆಯ ಸದ್ದಿನಲ್ಲಿ ನಾನು ಗಾಡಿಯನ್ನು ಕೇಳಿಸಿಕೊಂಡೇ ಇರಲಿಲ್ಲ. ಗಾಬರಿಯಲ್ಲಿ ನನಗೆ ಬರುವುದು ಒಂದೇ ವಿದ್ಯೆ. "ಮ್ಹಣಜೆ ಬಘಾ" ಎಂದು ಮೇಡಂ ಧ್ವನಿ ತೆಗೆದೆ. ಅವಳು ನಗಲಿಲ್ಲ. ನನ್ನ ಅಣಕಕ್ಕೆ ಯಾರೂ ನಗದೆ ಇದ್ದುದು ಅದೇ ಮೊದಲು. ನಗು ಬಾರದಿದ್ದರೆ ಆ ಧ್ವನಿಯನ್ನು ಎಲ್ಲಿ ಇಳಿಸಬೇಕು ಎಂದು ಕೂಡ ನನಗೆ ಗೊತ್ತಿರಲಿಲ್ಲ.

"ಎಷ್ಟು ಜನ ನಿಜ?" ಎಂದಳು.

"ಒಬ್ಬರು. ಅತ್ತೆ."

"ಅದರಲ್ಲಿ ನನ್ನ ಹೆಸರಿದೆ ಅನ್ನುವುದು ನಿನಗೆ ನೆನಪಿತ್ತಾ?"

ಅಷ್ಟು ಕೇಳಿದವಳೇ ಮೇಡಂ ಕೋಣೆಯ ಮೆಟ್ಟಿಲು ಹತ್ತಿದಳು. ಅವಳು ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಪುಣೆಯಲ್ಲಿ ಆ ಕಸದ ಗಾಡಿಯನ್ನು ಗುರುತಿಸುವವರು ಯಾರು? ಮೆಟ್ಟಿಲ ಮೇಲೆ ಹಿಂದಿನಿಂದ ಓಡುತ್ತ ನಾನು ಈ ವಾದವನ್ನು ಮಂಡಿಸಿದೆ ಕೂಡ. ಅವಳು ತಿರುಗಿ ನೋಡಲಿಲ್ಲ.

ಮೇಡಂ ಎಲ್ಲ ಕೇಳಿಸಿಕೊಂಡರು. "ಮ್ಹಣಜೆ ಬಘಾ" ಅನ್ನಲೇ ಇಲ್ಲ, ಅದರಿಂದಲೇ ವಿಷಯ ಗಂಭೀರವೆಂದು ತಿಳಿಯಿತು. "ನಿನ್ನ ಹೆಸರು ಲೇಖಕರ ಸಾಲಿನಿಂದ ಇವತ್ತೇ ಹೋಯಿತು" ಎಂದರು ನನಗೆ. ಅವಳಿಗೆ ಹೇಳಿದರು: "ಸೋಮವಾರ ಹನ್ನೊಂದಕ್ಕೆ ಏಳು ನಿಜವಾದ ದನಿ ನನ್ನ ಮೇಜಿನ ಮೇಲಿದ್ದರೆ ಪ್ರಬಂಧ ನಿನ್ನ ಹೆಸರಲ್ಲಿ ಪುಣೆಗೆ. ಇಲ್ಲದಿದ್ದರೆ ಎರಡನೆಯ ತಂಡದ್ದು ಹೋಗುತ್ತದೆ. ಶೀರ್ಷಿಕೆಯ ಆ ಹೆಂಗಸು ಮಾತ್ರ ಬೇಕೇ ಬೇಕು. ಆಕೆ ಇಲ್ಲದೆ ಈ ಪ್ರಬಂಧದಲ್ಲಿ ಏನಿದೆ?" ಎರಡನೆಯ ತಂಡ ಬರೆದದ್ದು ಪೇಟೆಯ ಪಾರ್ಕಿಂಗ್ ಸಮಸ್ಯೆಯ ಬಗ್ಗೆ. ಅವರು ಕನಿಷ್ಠ ನಿಜವಾದ ಸ್ಕೂಟರುಗಳನ್ನು ನೋಡಿದ್ದರು.

ಶನಿವಾರ ನಾಸಿಕದ ಬಸ್ಸು ಹತ್ತಿದೆವು. ಕನ್ನಡಕ್ಕಾಗಿ ನಾನು ಬೇಕಿದ್ದೆ, ಇಲ್ಲದಿದ್ದರೆ ಅವಳು ನನ್ನನ್ನು ಸಾಮಾನಿನ ಅಟ್ಟದ ಮೇಲೂ ಏರಿಸುತ್ತಿರಲಿಲ್ಲ. ಯೇವಲಾ ದಾಟುವವರೆಗೂ ಕಿಟಕಿಯ ಹೊರಗೆ ನೋಡಿದಳು. ಆಮೇಲೆ ಥಟ್ಟನೆ, "ನನ್ನ ಅಣಕವನ್ನೂ ಮಾಡ್ತೀಯಾ?" ಎಂದಳು.

"ಮಾಡ್ತೀನಿ."

"ಮಾಡು."

ಮಾಡಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

"ನಾನು ಅಷ್ಟು ಜೋರಾಗಿ ಮಾತಾಡ್ತೀನಾ?"

"ನೀನಲ್ಲ. ಅದು ನಾನು ಹಾಕಿದ್ದು."

"ಮತ್ತೆ ಅದನ್ನು ನಾನು ಅಂತ ಯಾಕೆ ಕರೀತೀಯಾ?" ಎಂದು ಮತ್ತೆ ಕಿಟಕಿಯತ್ತ ತಿರುಗಿದಳು.

ಅತ್ತೆಗೆ ಸಂಗತಿ ತಿಳಿಸಿದಾಗ ಸಿಟ್ಟು ಬಂತು. ನಾನು ಎಣಿಸಿದ್ದ ಕಾರಣಕ್ಕಲ್ಲ.

"ನಾ ಸುಳ್ಳ ಹೇಳೀನೇನು? ಅವ್ರು ಆಡಾದೇ ಆಡೀನಿ, ಜರಾ ಒಗ್ಗರಣಿ ಹಾಕಿ."

ಜೊತೆಗಾತಿ ಮರಾಠಿಯಲ್ಲಿ ಮರ್ಯಾದೆಯಿಂದ ಕೇಳಿದಳು: "ಆತ್ಯಾ, ಅದರಲ್ಲಿ ಅವರದು ಎಷ್ಟು, ಒಗ್ಗರಣೆ ಎಷ್ಟು?"

ಅತ್ತೆ ಮರಾಠಿ ಬಲ್ಲವಳಾದರೂ ಉತ್ತರ ಕನ್ನಡದಲ್ಲೇ ಬಂತು. "ಒಗ್ಗರಣಿ ಹಾಕಿದ ಮ್ಯಾಲ ಸಾಸ್ವಿ ಹೆಕ್ಕಿ ಹೊರಗ ತಗ್ಯಾಕ ಬರ್ತದೇನವ್ವಾ?" ಆಮೇಲೆ ಪ್ರಬಂಧದ ಪ್ರತಿ ಕಸಿದುಕೊಂಡು, ತನ್ನ ಹೆಸರೆಲ್ಲಿ ಎಂದು ನನ್ನಿಂದ ಓದಿಸಿದಳು. ಓದಿದೆ. "ಆತಿಥ್ಯಕ್ಕ? ಏಳೂ ಮಂದೀದು ಕುಣಿದು ತೋರಿಸ್ದಾಕಿ ನಾ. ನನ್ನ ಹೆಸರು ಬರೇ ರೊಟ್ಟಿಗೇನೋ, ಭಾಡ್ಯಾ?"

ಭಾನುವಾರ ಬೆಳಿಗ್ಗೆ, ಮೊದಲ ಸಲವೇ ಮಾಡಬೇಕಿದ್ದಂತೆ, ರೊಟ್ಟಿಯ ಬುಟ್ಟಿಯ ಪಕ್ಕ ಕೂತೆವು. ಜನ ಬಂದರು. ತಾವೇ ಮಾತಾಡಿದರು. ಅತ್ತೆಯ ಅಣಕದಲ್ಲಿ ಕುಣಿದಾಡಿದ್ದ ಬ್ಯಾಂಕಿನವನ ಹೆಂಡತಿ ನಿಜದಲ್ಲಿ ಮೆತ್ತಗೆ, ತಡೆದು ತಡೆದು, ಮಕ್ಕಳು ತನ್ನ ತವರಿನವರ ಫೋನು ಎತ್ತುವುದಿಲ್ಲ ಎಂದಳು. ಮಾಮನ ಸರದಿ ಬಂದಾಗ ಅವರು ಗಂಟಲು ಸರಿಮಾಡಿಕೊಂಡು ನಾಲ್ಕು ಮಾತು ಆಡಿದ್ದರು ಅಷ್ಟೇ, ಒಳಗಿನಿಂದ ಅತ್ತೆ ಕೂಗಿದಳು: "ಹಂಗಲ್ರೀ! ನೀವು ಹಂಗ ಮಾತಾಡಂಗಿಲ್ಲ!" ಮಾಮ ಇಷ್ಟು ವರ್ಷದ ಸಂಸಾರದ ಅನುಭವದಿಂದ, "ಹಂಗಾರ ನೀನೇ ಹೇಳಿಬಿಡು" ಎಂದರು. ಜೊತೆಗಾತಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬಂದಳು.

ಮಧ್ಯಾಹ್ನದ ಹೊತ್ತಿಗೆ ಆರು ದನಿ ಸಿಕ್ಕವು. ಏಳನೆಯದು, ಶೀರ್ಷಿಕೆಯದು, ಬರಲಿಲ್ಲ. ಕಟ್ಟಡದಾಕೆ ಎರಡು ವಾರದಿಂದ ರೊಟ್ಟಿಗೆ ಬಂದಿಲ್ಲ, ಹೊಳೆಯಾಚೆಗೆ ಕೆಲಸ ಬದಲಾಗಿದೆಯಂತೆ. ಗೋದಾವರಿಯ ಸೇತುವೆ ದಾಟಿ, ಕೇಳುತ್ತ ಕೇಳುತ್ತ ಊಟದ ಬಿಡುವಿನಲ್ಲಿ ಆ ಸೈಟು ಮುಟ್ಟಿದೆವು. ಇಟ್ಟಿಗೆಯ ಅಟ್ಟಿಯ ನೆರಳಿನಲ್ಲಿ ನಾಲ್ಕೈದು ಹೆಂಗಸರು ಬುತ್ತಿ ಮುಗಿಸಿ ಕೂತಿದ್ದರು. ನಾವು ಹುಡುಕುತ್ತಿದ್ದಾಕೆ ಕಲಬುರಗಿ ಕಡೆಯವಳು. ಸೀರೆಯ ಮೇಲೆ ಗಂಡಸರ ಅಂಗಿ, ಬೆರಳುಗಳಿಗೆ ಬಟ್ಟೆಪಟ್ಟಿ. ಅತ್ತೆ ಮಾಡಿ ತೋರಿಸಿದ ಹೆಂಗಸಿನ ಅರ್ಧದಷ್ಟೂ ಎತ್ತರವಿರಲಿಲ್ಲ.

ಇಲ್ಲಿಯೂ ನಾನು ಸುಮ್ಮನಿರಬಹುದಿತ್ತು. ಆಕೆ ಖುಷಿಪಟ್ಟಾಳು ಎಂದು ಭಾವಿಸಿ, ಆಕೆಯ ಗೆಳತಿಯರ ಎದುರಿಗೇ, ಆಕೆಯದೆಂದು ನಾವು ಬರೆದಿದ್ದ ಮಾತನ್ನು ಆಕೆಯದೆಂದು ನಾನು ತಿಳಿದಿದ್ದ ಧಾಟಿಯಲ್ಲಿ ಆಡಿ ತೋರಿಸಿದೆ. ಗೆಳತಿಯರು ಬಿದ್ದು ಬಿದ್ದು ನಕ್ಕರು. ಆಕೆ ನೀರಿನ ಬಾಟಲಿಯ ಮುಚ್ಚಳ ತಿರುವುತ್ತ ಕೂತಿದ್ದಳು.

"ಯಾರು ಅಂದಾರ ಇದು?"

"ನೀವೇ ಅಂದೀರಂತ, ಅಕ್ಕಾ. ರೊಟ್ಟಿ ಮಾರ್ತಾರಲ್ರಿ, ನಮ್ಮತ್ತಿ..."

"ಆಕಿ ಮುಂದ ನಾ ಇಷ್ಟು ಬಾಯಿ ಬಿಟ್ಟೇ ಇಲ್ಲ. ರೊಟ್ಟಿ ತಗೊಂಡೀನಿ, ಬಂದೀನಿ." ಮುಚ್ಚಳ ಬಿಗಿಯಾಗಿ ಮುಚ್ಚಿದಳು. "ಗಂಡನ ಜೋಡಿ ಬೈಗುಳ ಅಂತ! ಬೈಯ್ಯಾಕ ಎದುರಿಗಿ ಇರಬೇಕಲ್ಲ. ಅವ್ರು ಪುಣೆ ಕಡಿ ಸೈಟಿಗಿ ಹೋಗಿ ಎಂಟು ತಿಂಗಳಾತು. ಫೋನಿನಾಗ ಬೈದ್ರ ಕಟ್ ಮಾಡ್ತಾರಂತ ಛಂದಾಗೇ ಮಾತಾಡ್ತೀನಿ. ನಾ ಮನಿಯಾಗ ಕನ್ನಡ ಆಡೋದೇ ಅದೊಂದು ಹೊತ್ತು."

ಗೆಳತಿಯರ ನಗು ನಿಂತಿತು. ಆಕೆ ಸೆರಗು ಕೊಡವಿ ಏಳಹತ್ತಿದಳು.

"ಏನಂದರು?" ಎಂದಳು ಜೊತೆಗಾತಿ. ಆಕೆ ಅಂದದ್ದನ್ನು ಅಂದಂತೆಯೇ ಹೇಳಿದೆ, ಧ್ವನಿ ಬದಲಿಸದೆ. ಹಾಗೆ ಹೇಳುವುದು ಬಲು ಕಷ್ಟವೆಂದು ಅವತ್ತೇ ತಿಳಿದದ್ದು.

ಅವಳು ಆಕೆಯ ಎದುರಿಗೆ ಇಟ್ಟಿಗೆಯ ಮೇಲೆ ಕೂತಳು. ಹಿಂದಿಯಲ್ಲಿ, ಒಂದನ್ನೂ ಮುಚ್ಚಿಡದೆ ಹೇಳಿದಳು: ಇವನು ನಿಮ್ಮ ಹೆಸರಲ್ಲಿ ಸುಳ್ಳು ದನಿ ಮಾಡಿದ. ಅದರ ಮೇಲೆ ನನ್ನ ಹೆಸರೂ ಇದೆ. ನಾಳೆ ಹನ್ನೊಂದರೊಳಗೆ ನೀವು ನಿಮ್ಮ ಮಾತು ಹೇಳಿದರೆ ನನ್ನ ಓದು ಮುಂದೆ ಹೋಗುತ್ತದೆ. ಹೇಳದಿದ್ದರೆ ನಿಮ್ಮ ತಪ್ಪೇನಿಲ್ಲ, ಎಲ್ಲ ಅಳಿಸಿ ವಾಪಸ್ಸು ಹೋಗುತ್ತೇನೆ. ಬರೆದದ್ದನ್ನು ನಿಮಗೆ ಓದಿ ಹೇಳಿಯೇ ಕಳಿಸುವುದು. ಹೆಸರು ಬೇಕೋ ಬೇಡವೋ, ನೀವು ಹೇಳಿದಂತೆ.

ಆಕೆ ನಿಂತೇ ಇದ್ದಳು. "ಎಲ್ಲಿ ಓದ್ತೀರಿ ಇದನ್ನ?" ಎಂದು ಹಿಂದಿಯಲ್ಲಿ ಕೇಳಿದಳು.

"ಪುಣೆಯಲ್ಲಿ."

"ಪುಣೆದಾಗ?" ಈ ಮಾತು ಕನ್ನಡದಲ್ಲಿ, ಯಾರಿಗೂ ಅಲ್ಲ, ತನಗೇ. ಮತ್ತೆ ಕೂತಳು. "ಹಾಕ್ರಿ ಹೆಸರು. ಪೂರಾ ಹಾಕ್ರಿ, ಊರಿನ ಹೆಸರೂ ಸೇರ್ಸಿ."

ಜೊತೆಗಾತಿ ಫೋನನ್ನು ಇಬ್ಬರ ನಡುವೆ ಇಟ್ಟಿಗೆಯ ಮೇಲಿಟ್ಟು ಗುಂಡಿ ಒತ್ತಿದಳು. ಸೋಮವಾರ ಮೇಡಂ ಕೇಳಿಸಿಕೊಂಡದ್ದು, ಆಮೇಲೆ ಜೊತೆಗಾತಿಯ ಪ್ರಬಂಧದ ಜೊತೆ ಪುಣೆಗೆ ಹೋದದ್ದು ಇದೇ ಮುದ್ರಣ. ಆದರೆ ಅದರಲ್ಲಿ ಮೊದಲು ಕೇಳುವುದು ದುರದೃಷ್ಟವಶಾತ್ ನನ್ನ ದನಿ. ಅಷ್ಟರಲ್ಲಿ ಮೇಸ್ತ್ರಿ ದೂ‌ರದಿಂದ ಸೀಟಿ ಊದಿದ್ದ, ನನಗೆ ಉಪಕಾರ ಮಾಡುವ ಬುದ್ಧಿ ಬಂದಿತ್ತು. "ಅಕ್ಕಾ, ನಿಮಗ ಕೆಲಸಕ್ಕ ಹೊತ್ತಾಗ್ತದ. ಸುರುವಿಂದು ಎರಡು ಮಾತು ಹೇಳ್ರಿ ಸಾಕು, ಮುಂದಿಂದು ನಿಮ್ಮ ಧಾಟೀಲೇ ನಾ ಹೇಳ್ತೀನಿ" ಎಂದೆ. ಆಕೆ ಅದಕ್ಕೆ ಕೊಟ್ಟ ಉತ್ತರ ಅದರಲ್ಲಿ ಹೀಗಿದೆ, ಒಂದಕ್ಷರವನ್ನೂ ನಾನು ಬದಲಿಸಿಲ್ಲ:

"ನನ್ನ ಮಾತು ನನ್ನ ಬಾಯಾಗಿಂದೇ ಬರ್ಲಿ, ತಮ್ಮಾ. ನಿನ್ನ ಬಾಯಿ ಊಟಕ್ಕ ಇಟ್ಕೋ."